ಸರಪಳಿಯಿಂದ ಮೊಬೈಲಿನವರೆಗೆ: ಒಂದು ನಕಾಶೆಯ ಕಥೆ

ಬೆಂಗಳೂರು, ಮೈಸೂರು ಕಡೆಯ ನೆಂಟರು ಹೈದರಾಬಾದಿನಲ್ಲಿ ಇರುವ ನನ್ನಂಥವರನ್ನು ‘ಹೊರನಾಡ ಕನ್ನಡಿಗರು’ ಅಂತ ಕರೆಯುತ್ತಾರೆ. ಬೇಸರವೇನಿಲ್ಲ. ಆದರೆ ಸ್ವಲ್ಪ ಲೆಕ್ಕ ನೋಡೋಣ. ನಾನು ಬೀದರ ಜಿಲ್ಲೆಯವನು. ಬೀದರದಿಂದ ಹೈದರಾಬಾದು ಸುಮಾರು 140 ಕಿಲೋಮೀಟರು. ಬೆಂಗಳೂರು ಅದರ ನಾಲ್ಕೈದು ಪಟ್ಟು ದೂರ. ನಮ್ಮ ತಂದೆಯ ಕಾಲಕ್ಕೆ ದವಾಖಾನೆ, ಕಚೇರಿ, ಕಾಲೇಜು, ಬೆಳ್ಳಿಬಂಗಾರ, ಯಾವುದಕ್ಕಾದರೂ ಹೈದರಾಬಾದಿಗೇ ಬರಬೇಕು. ಅದು ಅವರ ರಾಜಧಾನಿ. ಇಲ್ಲಿಗೆ ಬಂದರೆ ಪರಊರಿಗೆ ಬಂದೆವು ಅನ್ನುವ ಭಾವನೆಯೇ ಅವರಿಗೆ ಇರಲಿಲ್ಲ.

1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆ ಆಯಿತು. ಹೈದರಾಬಾದ್ ಸಂಸ್ಥಾನ ಮೂರು ಪಾಲಾಯಿತು. ಬೀದರ ಜಿಲ್ಲೆಯೊಂದೇ ಮೂರು ಕಡೆ ಹರಿದು ಹಂಚಿಹೋಯಿತು. ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದಿನ ಬಹುಭಾಗ, ನಾರಾಯಣಖೇಡ, ನ್ಯಾಲಕಲ್ ಭಾಗ ಆಂಧ್ರಪ್ರದೇಶಕ್ಕೆ ಹೋದವು. ಉಳಿದದ್ದು ಮೈಸೂರಿಗೆ ಬಂತು. ಜನ ಎಲ್ಲಿದ್ದರೋ ಅಲ್ಲೇ ಇದ್ದರು, ಗೆರೆ ಮಾತ್ರ ಸರಿಯಿತು. ಜಹೀರಾಬಾದ್ ಕಡೆಯ ಹಳ್ಳಿಗಳಲ್ಲಿ ಇವತ್ತಿಗೂ ಮನೆಮಾತು ಕನ್ನಡ ಆಗಿರುವ ಕುಟುಂಬಗಳಿವೆ. ಅವರು ಎಲ್ಲಿಗೂ ಹೋದವರಲ್ಲ. ಕೂತಲ್ಲೇ ಹೊರನಾಡಿನವರಾದರು.

ಹೀಗಾಗಿ ನಕಾಶೆಯ ಮೇಲೆ ನನಗೆ ಮೊದಲಿನಿಂದ ಒಂದು ಕಣ್ಣು. ಓದಿದ್ದು ಎಂ.ಕಾಂ., ಭೂಗೋಳಕ್ಕೂ ನನಗೂ ಹೈಸ್ಕೂಲಿಗೇ ಋಣ ಮುಗಿದಿತ್ತು. ಆದರೆ ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿ ಕೂತವನಿಗೆ ನಕಾಶೆ ಬಿಟ್ಟರೆ ಗತಿಯಿಲ್ಲ. ಈ ಲೇಖನದಲ್ಲಿ ಆ ನಕಾಶೆ ಇನ್ನೂರು ವರ್ಷದಲ್ಲಿ ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವುದನ್ನು, ನಮ್ಮ ಸೀಮೆಯನ್ನೇ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ.

*

ಟಿಪ್ಪು ಸುಲ್ತಾನ್ ಮಡಿದದ್ದು 1799ರಲ್ಲಿ. ಗೆದ್ದ ನಾಡಿನ ಅಳತೆ ಕಂಪನಿ ಸರಕಾರಕ್ಕೆ ಬೇಕಿತ್ತು. ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಹಿಡಿದ. ವಿಲಿಯಂ ಲ್ಯಾಂಬ್ಟನ್ ಎಂಬ ಇನ್ನೊಬ್ಬ ಅಧಿಕಾರಿ ಬೇರೆ ದಾರಿ ಹಿಡಿದ. ಮೊದಲು ನೆಲದ ಮೇಲೆ ಒಂದು ನೇರ ಗೆರೆಯನ್ನು ಕೂದಲಷ್ಟೂ ತಪ್ಪದಂತೆ ಅಳೆಯುವುದು, ಆಮೇಲೆ ಆ ಗೆರೆಯ ಎರಡು ತುದಿಯಿಂದ ದೂರದ ಗುಡ್ಡವೊಂದರ ಕೋನ ನೋಡಿ ತ್ರಿಕೋನ ಕಟ್ಟುವುದು, ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ ದೇಶವನ್ನೆಲ್ಲ ಹೆಣೆಯುವುದು. 1800ರಲ್ಲಿ ಬೆಂಗಳೂರಿನ ಹತ್ತಿರ, ಅಗರದಿಂದ ಬಾಣಸವಾಡಿಯ ಕಡೆಗೆ, ಏಳು ಮೈಲಿಗೂ ಮಿಕ್ಕಿದ ಆಧಾರರೇಖೆಯನ್ನು ಅವನು ಅಳೆದ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಮತ್ತೊಂದನ್ನು ಅಳೆದು ದೊಡ್ಡ ಕೆಲಸಕ್ಕೆ ಕೈಹಚ್ಚಿದ.

ಅಳೆಯಲು ಇದ್ದದ್ದು ನೂರು ಅಡಿ ಉದ್ದದ ಉಕ್ಕಿನ ಸರಪಳಿ. ಬ್ರಿಟಿಷ್ ನಿಯೋಗದ ಜೊತೆ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಒಲ್ಲದೆ, ಕಡೆಗೆ ಕಲ್ಕತ್ತಕ್ಕೆ ಬಂದು ಬಿದ್ದಿದ್ದ ಸರಪಳಿ ಅದು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ ಅಂತ ಅದನ್ನು ಮರದ ಪೆಟ್ಟಿಗೆಯೊಳಗೆ ಇಟ್ಟು, ಪಕ್ಕದಲ್ಲಿ ಥರ್ಮಾಮೀಟರು ಇಟ್ಟು, ಹಿಗ್ಗಿದ್ದನ್ನೂ ಲೆಕ್ಕದಲ್ಲಿ ಕಳೆಯುತ್ತಿದ್ದರು. ಕೋನ ನೋಡುವ ಥಿಯೋಡೊಲೈಟು ಅರ್ಧ ಟನ್ ಭಾರ. ಅದನ್ನು ಹೊತ್ತು ಗುಡ್ಡ ಹತ್ತಿದವರು, ಕಾಡು ಕಡಿದು ನೋಟಕ್ಕೆ ದಾರಿ ಮಾಡಿದವರು, ಬಾವುಟ ಹಿಡಿದು ನಿಂತವರು ನಮ್ಮ ಜನ, ಖಲಾಸಿಗಳು. ಜ್ವರದಿಂದ ಎಷ್ಟೋ ಮಂದಿ ಸತ್ತರು.

ಈ ಕಥೆಯಲ್ಲಿ ನಮ್ಮ ಬೀದರಕ್ಕೂ ಒಂದು ಜಾಗ ಇದೆ. 1815ರಲ್ಲಿ ಲ್ಯಾಂಬ್ಟನ್ ಬೀದರದ ಬಳಿ ಒಂದು ಆಧಾರರೇಖೆ ಅಳೆದ. 1818ರಲ್ಲಿ ಈ ಕೆಲಸಕ್ಕೆ ‘ಗ್ರೇಟ್ ಟ್ರಿಗನಾಮೆಟ್ರಿಕಲ್ ಸರ್ವೆ’ ಎಂಬ ಹೆಸರು ಬಂತು. ಸಹಾಯಕನಾಗಿ ಹೈದರಾಬಾದಿಗೆ ಬಂದು ಸೇರಿಕೊಂಡವನು ಜಾರ್ಜ್ ಎವರೆಸ್ಟ್. 1823ರಲ್ಲಿ ಲ್ಯಾಂಬ್ಟನ್ ಹಿಂಗಣಘಾಟದಲ್ಲಿ ತೀರಿಕೊಂಡ ಮೇಲೆ ಎವರೆಸ್ಟ್ ಮುಂದುವರಿಸಿದ. ಅವನು 1830ರಲ್ಲಿ ಪ್ರಕಟಿಸಿದ ದೊಡ್ಡ ವರದಿಯ ದಕ್ಷಿಣದ ತುದಿ 18 ಡಿಗ್ರಿ 3 ಮಿನಿಟು ಅಕ್ಷಾಂಶದ ದಾಮರಗಿಡ್ಡ, ಅಂದರೆ ಬೀದರ ಸೀಮೆ. 1841ರಲ್ಲಿ ಆಂಡ್ರ್ಯೂ ವಾ ಹೊಸ ಉಪಕರಣ ತಂದು ಬೀದರದ ರೇಖೆಯನ್ನು ಮತ್ತೊಮ್ಮೆ ಅಳೆದ. ಎವರೆಸ್ಟ್ ಅಂದಕೂಡಲೆ ಎಲ್ಲರೂ ಹಿಮಾಲಯದ ಕಡೆ ಕತ್ತೆತ್ತಿ ನೋಡುತ್ತಾರೆ. ಅವನ ಲೆಕ್ಕದ ಒಂದು ಕಾಲು ನಮ್ಮ ಕೆಮ್ಮಣ್ಣಿನ ಬಯಲಿನಲ್ಲಿ ಊರಿದೆ ಅನ್ನುವುದು ನಮ್ಮ ಜಿಲ್ಲೆಯವರಿಗೇ ಅಷ್ಟಾಗಿ ಗೊತ್ತಿಲ್ಲ.

ಆ ಲೆಕ್ಕದಿಂದ ಭೂಮಿಯ ಆಕಾರಕ್ಕೆ ಒಂದು ಅಳತೆ ಸಿಕ್ಕಿತು. ಅದನ್ನೇ ಹಿಡಿದು ಭಾರತದ ನಕಾಶೆಗಳು ತಲೆಮಾರುಗಳ ಕಾಲ ಅಚ್ಚಾದವು. ಆದರೆ ಆ ನಕಾಶೆ ಸರಕಾರದ್ದು. ಕಂದಾಯ ಎತ್ತಲಿಕ್ಕೆ, ದಂಡು ಸಾಗಿಸಲಿಕ್ಕೆ. ಅಳೆಸಿಕೊಂಡವರಿಗೆ ಅದನ್ನು ನೋಡುವ ಹಕ್ಕಿರಲಿಲ್ಲ.

*

ಹಾಗಾದರೆ ಜನರ ಹತ್ತಿರ ಇದ್ದ ನಕಾಶೆ ಯಾವುದು? ಅದು ಬಾಯಿಮಾತಿನ ನಕಾಶೆ, ಚಕ್ಕುಬಂದಿ. ‘ಪೂರ್ವಕ್ಕೆ ಗೌಡರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಹುಣಸೆಮರ.’ ನಾನು ಬ್ಯಾಂಕು ಸೇರಿದ ಹೊಸತರಲ್ಲಿ ಅಡಮಾನದ ಕಾಗದಗಳೆಲ್ಲ ಹೀಗೇ ಇರುತ್ತಿದ್ದವು. ಹಳೆಯ ನಿಜಾಮಶಾಹಿ ದಾಖಲೆಗಳು ಉರ್ದುವಿನಲ್ಲಿ. 1954-55ರ ಖಾಸ್ರಾ ಪಹಣಿಯ ನಕಲು ತಂದರೆ ಅದನ್ನು ಓದಿಸಲು ಹಿರಿಯರೊಬ್ಬರನ್ನು ಹುಡುಕಬೇಕು. ಸರ್ವೆ ಟಿಪ್ಪಣಿ, ಗ್ರಾಮ ನಕಾಶೆ ಎಲ್ಲ ತಾಲ್ಲೂಕು ಕಚೇರಿಯ ಗಂಟಿನಲ್ಲಿ. ಗಂಟು ಬಿಚ್ಚಿದರೆ ಅರ್ಧ ಗೆದ್ದಲು ತಿಂದಿರುತ್ತಿತ್ತು.

ಸಾಲ ಕೊಡುವ ಮೊದಲು ಹೊಲ ನೋಡಲು ಹೋಗುತ್ತಿದ್ದೆವು. ಕಾಗದದಲ್ಲಿ ಆರು ಎಕರೆ, ನೆಲದ ಮೇಲೆ ಐದೂವರೆ. ಒಬ್ಬ ರೈತ ನನ್ನ ಮುಖ ನೋಡಿ, “ಸಾಹೇಬ್ರ, ಹೊಲ ಸಣ್ಣ ಆಗಿಲ್ರಿ. ಬಾಂದುಕಲ್ಲು ನಡೆದಾಡ್ಯದ” ಅಂದಿದ್ದ. ಪಕ್ಕದವನು ಕಲ್ಲು ಸರಿಸಿದ್ದಾನೆ ಅಂತ ನೇರ ಹೇಳಿದರೆ ಜಗಳ, ಅದಕ್ಕೆ ಕಲ್ಲೇ ನಡೆದಾಡಿತು. ಹದ್ದುಬಸ್ತು ಮಾಡಿಸಲು ಅರ್ಜಿ ಕೊಟ್ಟರೆ ಸರ್ವೇಯರ್ ಬರಲು ವರ್ಷ. ಅಣ್ಣತಮ್ಮಂದಿರು ಪಾಲಾದರೂ ಪೋಡಿ ಆಗಿರುತ್ತಿರಲಿಲ್ಲ. ಒಂದೇ ಸರ್ವೆ ನಂಬರಿನಲ್ಲಿ ಐದಾರು ಹೆಸರು.

2000ದ ಸುಮಾರಿಗೆ ಕರ್ನಾಟಕದಲ್ಲಿ ‘ಭೂಮಿ’ ಯೋಜನೆ ಬಂತು, ಪಹಣಿ ಕಂಪ್ಯೂಟರಿಗೆ ಹತ್ತಿತು. ಬ್ಯಾಂಕಿನವರಿಗೆ ಅದು ದೊಡ್ಡ ಉಪಕಾರ. ಆದರೆ ಕಂಪ್ಯೂಟರಿಗೆ ಹತ್ತಿದ್ದು ಹೆಸರು ಮತ್ತು ವಿಸ್ತೀರ್ಣ. ಹೊಲದ ಆಕಾರ ಬಹುಕಾಲ ಕಾಗದದಲ್ಲೇ ಉಳಿಯಿತು. ಒಂದು ಸರ್ವೆ ನಂಬರಿನ ತುಂಡು ಮಾರಬೇಕಾದರೆ 11-ಇ ಸ್ಕೆಚ್ ಬೇಕು ಅನ್ನುವ ನಿಯಮ ಬಂದ ಮೇಲೆ ಚಿತ್ರ ಮತ್ತು ಅಕ್ಷರ ಸ್ವಲ್ಪ ಹತ್ತಿರ ಬಂದವು.

ಇನ್ನು ಗ್ರಾಮಠಾಣಾದೊಳಗಿನ ಮನೆಗಳ ಪಾಡು. ಹೊಲಕ್ಕೆ ಸರ್ವೆ ನಂಬರು ಇತ್ತು, ಊರೊಳಗಿನ ಮನೆಗೆ ಸಾಮಾನ್ಯವಾಗಿ ಅದೂ ಇಲ್ಲ. ಅಜ್ಜನ ಕಾಲದಿಂದ ವಾಸವಾಗಿದ್ದ ಮನೆಯ ಮೇಲೆ ಸಾಲ ಕೇಳಿದರೆ ನಾವು ಕೈಯಾಡಿಸುತ್ತಿದ್ದೆವು. 2020ರ ಏಪ್ರಿಲ್ 24ರಂದು ಕೇಂದ್ರ ಸರಕಾರ ಆರಂಭಿಸಿದ ‘ಸ್ವಾಮಿತ್ವ’ ಯೋಜನೆಯಲ್ಲಿ ಡ್ರೋನ್ ಹಾರಿಸಿ ಹಳ್ಳಿಯ ಮನೆಗಳ ನಕಾಶೆ ಮಾಡಿ ಆಸ್ತಿ ಕಾರ್ಡು ಕೊಡುತ್ತಿದ್ದಾರೆ. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಜೊತೆಗೆ ಸರ್ವೆ ಆಫ್ ಇಂಡಿಯಾ ದೇಶದ ಉದ್ದಕ್ಕೂ ಉಪಗ್ರಹದ ಸಂಕೇತ ಹಿಡಿಯುವ ಖಾಯಂ ಕೇಂದ್ರಗಳನ್ನು ನೆಟ್ಟಿದೆ. ಅವುಗಳ ನೆರವಿದ್ದರೆ ಒಂದು ಮೂಲೆಯ ಜಾಗವನ್ನು ಸೆಂಟಿಮೀಟರುಗಳ ಲೆಕ್ಕದಲ್ಲಿ ಹೇಳಬಹುದು. ಬಾಂದುಕಲ್ಲು ಇನ್ನು ಮುಂದೆ ನಡೆದಾಡುವುದು ಕಷ್ಟ. ಹಾಗಂತ ಜಗಳ ನಿಂತಿತು ಅಂತ ತಿಳಿಯಬೇಡಿ. ಡ್ರೋನ್ ಗೋಡೆಯನ್ನು ತೋರಿಸುತ್ತದೆ, ಗೋಡೆ ಯಾರದು ಅಂತ ಊರವರೇ ಕೂತು ಹೇಳಬೇಕು. ಹೆಣ್ಣುಮಕ್ಕಳ ಹೆಸರು ಕಾರ್ಡಿನಲ್ಲಿ ಬರುತ್ತದೋ ಇಲ್ಲವೋ ಅನ್ನುವುದೂ ಯಂತ್ರದ ಕೈಯಲ್ಲಿಲ್ಲ.

*

ಸ್ವಾತಂತ್ರ್ಯ ಬಂದ ಮೇಲೂ ನಕಾಶೆ ಗುಟ್ಟಿನ ಸರಕೇ ಆಗಿತ್ತು. ಗಡಿ, ಕರಾವಳಿಯ ಹಾಳೆಗಳು ಸಾಮಾನ್ಯರಿಗೆ ಸಿಗುತ್ತಿರಲಿಲ್ಲ. 2005ರಲ್ಲಿ ಎರಡು ಸಂಗತಿ ಒಟ್ಟಿಗೆ ಆದವು. ಭಾರತ ಸರಕಾರ ರಾಷ್ಟ್ರೀಯ ನಕಾಶೆ ನೀತಿ ತಂದು, ಸೇನೆಗೊಂದು ಸಾರ್ವಜನಿಕರಿಗೊಂದು ಅಂತ ಎರಡು ಸಾಲು ನಕಾಶೆ ಮಾಡಿತು. ಸಾರ್ವಜನಿಕ ಸಾಲಿಗೆ ಎವರೆಸ್ಟನ ಹಳೆಯ ಲೆಕ್ಕ ಬಿಟ್ಟು ಜಿಪಿಎಸ್ ಬಳಸುವ ಜಾಗತಿಕ ಲೆಕ್ಕವನ್ನೇ ತೆಗೆದುಕೊಂಡರು. ಅದೇ ವರ್ಷ ಗೂಗಲ್ ಮ್ಯಾಪ್ಸ್, ಗೂಗಲ್ ಅರ್ಥ್ ಬಂದವು. ಇಲ್ಲಿ ಕಚೇರಿಯಲ್ಲಿ ಬೀಗ ಹಾಕಿಟ್ಟಿದ್ದನ್ನು ಅಲ್ಲಿ ಆಕಾಶದಿಂದ ಯಾರು ಬೇಕಾದರೂ ನೋಡಬಹುದಾಯಿತು. ಆಗ ರಾಷ್ಟ್ರಪತಿಯಾಗಿದ್ದ ಅಬ್ದುಲ್ ಕಲಾಂ ಅದೇ ಅಕ್ಟೋಬರಿನಲ್ಲಿ ಇದೇ ಹೈದರಾಬಾದಿನಲ್ಲಿ ಪೊಲೀಸ್ ಅಧಿಕಾರಿಗಳ ಎದುರು ಈ ಬಗ್ಗೆ ಆತಂಕ ಹೇಳಿಕೊಂಡರು. 2009ರಲ್ಲಿ ಇಸ್ರೋ ತನ್ನದೇ ‘ಭುವನ್’ ತೆರೆಯಿತು. ಅದನ್ನು ನಡೆಸುವ ಕೇಂದ್ರ ಇರುವುದೂ ನಮ್ಮ ಹೈದರಾಬಾದಿನಲ್ಲೇ.

ಆಮೇಲೆ ಹಗ್ಗಜಗ್ಗಾಟ. 2011ರಲ್ಲಿ ಬೆಂಗಳೂರಿನ ರಸ್ತೆಗಳ ಚಿತ್ರ ತೆಗೆಯಲು ಹೊರಟ ಗೂಗಲ್ ಕಾರುಗಳನ್ನು ಪೊಲೀಸರು ನಿಲ್ಲಿಸಿದರು. 2016ರಲ್ಲಿ ಬಂದ ಒಂದು ಕರಡು ಮಸೂದೆಯಲ್ಲಿ ಅನುಮತಿ ಇಲ್ಲದೆ ನಕಾಶೆ ಮಾಡಿದರೆ ನೂರು ಕೋಟಿ ರೂಪಾಯಿವರೆಗೆ ದಂಡ ಅಂತ ಇತ್ತು! ಗಲಾಟೆಯಾಗಿ ಅದು ಅಲ್ಲೇ ನಿಂತಿತು. ಐದೇ ವರ್ಷದಲ್ಲಿ ಗಾಳಿ ತಿರುಗಿತು. 2021ರ ಫೆಬ್ರುವರಿಯಲ್ಲಿ ಭಾರತೀಯ ಸಂಸ್ಥೆಗಳು ನಕಾಶೆ ಮಾಡಲು ಮುಂಚಿತ ಅನುಮತಿ ಬೇಡ ಅಂದರು. ಒಂದು ಮೀಟರಿಗಿಂತ ಸೂಕ್ಷ್ಮವಾದ ದತ್ತಾಂಶ ಮಾತ್ರ ಭಾರತೀಯರ ಕೈಯಲ್ಲಿ, ಭಾರತದೊಳಗೇ ಇರಬೇಕು ಅಂತ ನಿಯಮ. ತಡೆದಿದ್ದ ರಸ್ತೆ ಚಿತ್ರಗಳು 2022ರಲ್ಲಿ ಭಾರತೀಯ ಕಂಪನಿಗಳ ಮೂಲಕವೇ ಬಂದವು.

ಈ ನಡುವೆ ಜನರೂ ನಕಾಶೆಯನ್ನು ತಮ್ಮ ಕಡೆ ಎಳೆದುಕೊಂಡರು. ಹೈದರಾಬಾದಿನ ವಿಳಾಸ ಗೊತ್ತಲ್ಲ, ವಾರ್ಡು, ಬ್ಲಾಕು, ಮನೆ ನಂಬರು, ಮೇಲೆ ಒಂದು ‘ಬೈ’ ನಂಬರು. ಆ ಅಂಕಿ ಹಿಡಿದು ಯಾರೂ ಮನೆ ಮುಟ್ಟಿಲ್ಲ. “ಮಸೀದಿ ಕೆ ಪೀಛೇ, ಇರಾನಿ ಹೋಟೆಲ್ ಕೆ ಬಾಜೂ” ಅಂದರೇನೇ ಆಟೋ ಹೊರಡುವುದು. 2009ರಲ್ಲಿ ಗೂಗಲ್ ಕೂಡ ಭಾರತಕ್ಕಾಗಿ ಗುರುತುಗಳನ್ನು ಹೇಳಿ ದಾರಿ ತೋರಿಸಲು ಶುರುಮಾಡಿತು. 2017ರಲ್ಲಿ ದ್ವಿಚಕ್ರ ವಾಹನದ ದಾರಿಯನ್ನು ಮೊದಲು ಕೊಟ್ಟದ್ದು ಭಾರತದಲ್ಲೇ. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ 2004ರಿಂದ ಇನ್ನೊಂದು ಇದೆ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದಾಗ ಅದರ ಮೇಲೆ ನಾಗರಿಕರೇ ನೀರು ನಿಂತ ರಸ್ತೆಗಳನ್ನು ಗುರುತು ಹಾಕಿದರು. ಸರಪಳಿ ಹಿಡಿದ ಖಲಾಸಿಗೆ ಇಲ್ಲದಿದ್ದ ಅಧಿಕಾರ ಇಲ್ಲಿ ಮೊಬೈಲು ಹಿಡಿದ ಹುಡುಗನಿಗೆ ಸಿಕ್ಕಿತು.

*

ಇದೆಲ್ಲ ತಂತ್ರಜ್ಞಾನದ ಸಡಗರವಾಯಿತು. ಹಳೆಯ ನಕಾಶೆಯ ಬೆಲೆ ನನಗೆ ಗೊತ್ತಾದದ್ದು ಇನ್ನೊಂದು ಕಡೆಯಿಂದ.

ನನ್ನ ಸಹೋದ್ಯೋಗಿಯೊಬ್ಬರು ಧಾರವಾಡ ಕಡೆಯವರು. ತೊಂಬತ್ತರ ದಶಕದ ಕೊನೆಗೆ ಊರ ಹೊರಗೆ ಒಂದು ಲೇಔಟಿನಲ್ಲಿ ಸೈಟು ಕೊಂಡು ಮನೆ ಕಟ್ಟಿದರು. ನಿವೃತ್ತಿಯ ಹಣವೂ ಅದಕ್ಕೇ ಹೋಯಿತು. 2020ರ ಅಕ್ಟೋಬರ್ 13ರ ರಾತ್ರಿ ಹೈದರಾಬಾದಿನಲ್ಲಿ ಸುರಿದ ಮಳೆ ಎಲ್ಲರಿಗೂ ನೆನಪಿದೆ. ಅವರ ಮನೆಯ ಕೆಳಮಹಡಿಗೆ ಎದೆಮಟ್ಟ ನೀರು ನುಗ್ಗಿತು. ವಾರವಾದರೂ ಇಳಿಯಲಿಲ್ಲ. ಕೊರೊನಾ ಕಾಲ ಬೇರೆ, ಹೋಗಿ ಇರುವುದಾದರೂ ಯಾರ ಮನೆಯಲ್ಲಿ?

ನೀರು ಇಳಿದ ಮೇಲೆ ಇಬ್ಬರೂ ಕೂತು ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಯೊಂದನ್ನು ನೋಡಿದೆವು. ಅವರ ಬೀದಿ ಇರುವ ಜಾಗದಲ್ಲಿ ನೀಲಿ ಬಣ್ಣ. ಕೆರೆ! ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಲ್ರೀ, ರಿಜಿಸ್ಟ್ರಿ ಅದ, ಲೇಔಟ್ ಪ್ಲಾನ್ ಅದ, ಬ್ಯಾಂಕಿನವ್ರು ಸಾಲಾನೂ ಕೊಟ್ರು. ಇಷ್ಟೆಲ್ಲಾ ಕಾಗದದಾಗ ಒಂದರಾಗರೆ ಕೆರೀ ಅಂತ ಯಾಕ ಬರೀಲಿಲ್ಲ?” ಅಂದರು. ನಾನೂ ಅದೇ ಕಸುಬಿನವನು. ನಮ್ಮ ವಕೀಲರು ಮೂವತ್ತು ವರ್ಷದ ಕ್ರಯಪತ್ರಗಳ ಸರಣಿಯನ್ನು ನೋಡುತ್ತಿದ್ದರು. ಭೂಮಿ ಯಾರಿಂದ ಯಾರಿಗೆ ಹೋಯಿತು ಅನ್ನುವುದು ಅದರಲ್ಲಿ ಸಿಗುತ್ತದೆ. ಭೂಮಿ ಮೊದಲು ಏನಾಗಿತ್ತು ಅನ್ನುವುದು ಸಿಗುವುದಿಲ್ಲ.

ಈ ಊರಿಗೆ ಈ ಪಾಠ ಹೊಸದೇನಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದು ಕೊಚ್ಚಿಹೋಗಿತ್ತು. ಮರುವರ್ಷ ನಿಜಾಮ ಸರಕಾರ ಕರೆಸಿದ್ದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಅವರು ನದಿಯನ್ನಷ್ಟೇ ನೋಡಲಿಲ್ಲ, ನದಿಗೆ ನೀರು ಬರುವ ಸೀಮೆಯನ್ನೆಲ್ಲ ಲೆಕ್ಕ ಹಾಕಿದರು. ಆ ಜಲಾನಯನದಲ್ಲಿ 788 ಕೆರೆಗಳಿದ್ದವು, ಅವುಗಳಲ್ಲಿ 221 ಒಡೆದಿದ್ದವು. ಮೇಲ್ಗಡೆ ಜಲಾಶಯ ಕಟ್ಟಬೇಕು ಅಂತ ಅವರು ಸಲಹೆ ಕೊಟ್ಟರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಆದವು. ಅದೇ ದಶಕಗಳಲ್ಲಿ, 1912ರಿಂದ 1915ರವರೆಗೆ, ಲಿಯೊನಾರ್ಡ್ ಮನ್ ಎಂಬ ಎಂಜಿನಿಯರ್ ನಗರದ ಗಲ್ಲಿಗಲ್ಲಿಯ ನಕಾಶೆ ಮಾಡಿಸಿದ. ಹೈದರಾಬಾದಿನ ಇತಿಹಾಸ ಬರೆಯುವವರು ಇವತ್ತಿಗೂ ಆ ಹಾಳೆಗಳನ್ನು ತೆರೆಯುತ್ತಾರೆ.

ಆಮೇಲಿನ ನೂರು ವರ್ಷದಲ್ಲಿ ಕೆರೆಗಳು ಒಂದೊಂದಾಗಿ ಹೆಸರಾಗಿ ಮಾತ್ರ ಉಳಿದವು. ಮಾಸಾಬ್ ಟ್ಯಾಂಕ್ ಅಂತ ಬಸ್ ಸ್ಟಾಪು ಇದೆ. ‘ಮಾ ಸಾಹೇಬಾ’ ಅವರ ಕೆರೆ ಅಂತ ಅರ್ಥ. ಟ್ಯಾಂಕು ಎಲ್ಲಿ ಅಂತ ಕೇಳಿದರೆ ಪಾರ್ಕು ತೋರಿಸುತ್ತಾರೆ. ಈಗ ಸರಕಾರಕ್ಕೂ ಹಳೆಯ ನಕಾಶೆ ಬೇಕಾಗಿದೆ. 2024ರಲ್ಲಿ ತೆಲಂಗಾಣ ಸರಕಾರ ‘ಹೈಡ್ರಾ’ ಎಂಬ ಸಂಸ್ಥೆ ಕಟ್ಟಿ ಕೆರೆ ಒತ್ತುವರಿ ತೆಗೆಸತೊಡಗಿತು. ಅಂಬರಪೇಟೆಯ ಬತುಕಮ್ಮ ಕುಂಟೆ 2025ರಲ್ಲಿ ಮತ್ತೆ ನೀರು ಕಂಡಿತು. ನೋಡಿ ಸಂತೋಷವಾಯಿತು. ಅದೇ ಹೊತ್ತಿಗೆ, ಕಾಗದ ನಂಬಿ ಮನೆ ಕಟ್ಟಿದ ಸಾಮಾನ್ಯರ ಬಾಗಿಲಿಗೆ ಬುಲ್ಡೋಜರ್ ಬಂದರೆ ಅವರು ಯಾರನ್ನು ಕೇಳಬೇಕು ಅನ್ನುವುದೂ ನನ್ನ ಮನಸ್ಸಿನಲ್ಲಿದೆ. ಸೈಟು ಮಾರಿದವರು ಆಗಲೇ ದುಡ್ಡು ಎಣಿಸಿಕೊಂಡು ಹೋಗಿರುತ್ತಾರೆ.

2017ರಿಂದ ಸರ್ವೆ ಆಫ್ ಇಂಡಿಯಾದ ಹಾಳೆಗಳನ್ನು ಸಾಮಾನ್ಯರೂ ಅಂತರ್ಜಾಲದಿಂದ ಪುಕ್ಕಟೆ ಇಳಿಸಿಕೊಳ್ಳಬಹುದು. ಸೈಟು ಕೊಳ್ಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ವಕೀಲರ ಅಭಿಪ್ರಾಯದ ಜೊತೆ ಹಳೆಯ ನಕಾಶೆಯ ಹಾಳೆಯೊಂದನ್ನೂ ನೋಡಿರಿ.

*

ಕಡೆಯದಾಗಿ ಹೆಸರಿನ ಮಾತು. ಲ್ಯಾಂಬ್ಟನ್ನನ ಕಾಲದಲ್ಲಿ ಊರಿನ ಹೆಸರು ಸಾಹೇಬನ ಕಿವಿಗೆ ಹೇಗೆ ಕೇಳಿಸಿತೋ ಹಾಗೆ ಬರೆದುಕೊಂಡರು. ಬೀದರ ‘ಬೇಡರ್’ ಆಯಿತು. 2021ರ ಆರಂಭದಲ್ಲಿ ಗೂಗಲ್ ಮ್ಯಾಪ್ಸ್ ಹತ್ತು ಭಾರತೀಯ ಭಾಷೆಗಳಲ್ಲಿ ಸ್ಥಳನಾಮಗಳನ್ನು ಯಂತ್ರದಿಂದಲೇ ಲಿಪ್ಯಂತರ ಮಾಡಿ ತೋರಿಸುವುದಾಗಿ ಹೇಳಿತು, ಕನ್ನಡವೂ ಅದರಲ್ಲಿದೆ. ಒಳ್ಳೆಯದೇ. ಆದರೆ ಕನ್ನಡದ ಹೆಸರು ಇಂಗ್ಲಿಷಿಗೆ ಹೋದಾಗ ‘ಳ’ ಹೋಗಿ ‘ಲ’ ಆಗುತ್ತದೆ, ಹ್ರಸ್ವ ದೀರ್ಘ ಮಾಯವಾಗುತ್ತದೆ. ಅದನ್ನೇ ಯಂತ್ರ ಮತ್ತೆ ಕನ್ನಡಕ್ಕೆ ತಂದರೆ ಹೋದದ್ದು ತಾನಾಗಿ ಮರಳಿ ಬರುವುದಿಲ್ಲ. 2019ರಲ್ಲಿ ಹೈದರಾಬಾದ್ ಕರ್ನಾಟಕ ‘ಕಲ್ಯಾಣ ಕರ್ನಾಟಕ’ ಆಯಿತು. ಸರಕಾರದ ಒಂದು ಆದೇಶದಿಂದ ಅಷ್ಟು ದೊಡ್ಡ ಹೆಸರು ಬದಲಾಗಬಹುದು. ಒಂದು ಹಳ್ಳದ ಹೆಸರನ್ನು, ಒಂದು ಕಟ್ಟೆಯ ಹೆಸರನ್ನು ಸರಿಯಾಗಿ ಬರೆಯಬೇಕಾದರೆ ಆ ಊರಿನವರೇ ಬೇಕು.

ಜಹೀರಾಬಾದ್ ಕಡೆಯ ಕನ್ನಡ ಹಳ್ಳಿಗಳಲ್ಲಿ ನಾನು ಇದನ್ನು ಕಂಡಿದ್ದೇನೆ. ಹಿರಿಯರ ಬಾಯಲ್ಲಿ ಕೆರೆಗೆ ಕನ್ನಡ ಹೆಸರು, ಫಲಕದ ಮೇಲೆ ತೆಲುಗು, ಮೊಮ್ಮಗನ ಮೊಬೈಲಿನಲ್ಲಿ ಅದಕ್ಕೆ ಹೆಸರೇ ಇಲ್ಲ. ಆ ಹಿರಿಯರು ಹೋದ ಮೇಲೆ ಹೆಸರೂ ಹೋಗುತ್ತದೆ. ಹೆಸರಿಲ್ಲದ ಕೆರೆಯನ್ನು ಲೇಔಟು ಮಾಡುವುದು ಸುಲಭ.

ಕರ್ನಾಟಕದ ಒಳಗೇ ಇರುವ ಓದುಗರಿಗೆ ನನ್ನದೊಂದು ವಿನಂತಿ. ಮುಂದಿನ ಸಲ ಊರಿಗೆ ಹೋದಾಗ ಮನೆಯ ಹಿರಿಯರನ್ನು ಕೂರಿಸಿಕೊಂಡು ಊರಿನ ಕೆರೆ, ಹಳ್ಳ, ಗುಂಡುತೋಪು, ಸ್ಮಶಾನ, ಬಂಡಿದಾರಿಗಳ ಹೆಸರು ಕೇಳಿ ಬರೆದುಕೊಳ್ಳಿ. ಮನೆಯ ಹುಡುಗರಿಗೆ ಹೇಳಿ ಅವನ್ನು ಎಲ್ಲರೂ ತಿದ್ದಬಹುದಾದ ನಕಾಶೆಯ ಮೇಲೆ ಕನ್ನಡದಲ್ಲಿ ಹಾಕಿಸಿ. ಒಂದು ಮಧ್ಯಾಹ್ನದ ಕೆಲಸ, ದುಡ್ಡಿನ ಖರ್ಚಿಲ್ಲ. ಗಡಿಯ ಈಚೆಗಿರುವ ನಮ್ಮ ಹಳ್ಳಿಗಳ ಪಟ್ಟಿಯನ್ನು ನಾವು ಕೆಲವು ನಿವೃತ್ತರು ಇಲ್ಲಿ ಶುರುಮಾಡಿದ್ದೇವೆ. ಸದ್ಯಕ್ಕೆ ಹನ್ನೊಂದು ಊರು ಆಗಿವೆ.